ಆರಿದ ಕಂಪ್ಯೂಟರಿನೊಳಗೆ ಎಚ್ಚರವಿರುವ ಚಿಪ್

ಕಾಲೇಜುಗಳಿಗೆ ಪ್ರವೇಶ ಶುರುವಾಯಿತೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತುಮಕೂರಿನಿಂದಲೋ ಹಾಸನದಿಂದಲೋ ಬೆಳಗಿನ ಬಸ್ಸು ಹಿಡಿದು ಬಂದ ಅಪ್ಪ. ಪಕ್ಕದಲ್ಲಿ ಎಂಜಿನಿಯರಿಂಗ್ ಸೇರಿದ ಮಗನೋ ಮಗಳೋ. ಹೊಸ ಲ್ಯಾಪ್‌ಟಾಪಿನ ಬೆಲೆ ಕೇಳಿ ಅಪ್ಪನ ಮುಖ ಸಣ್ಣದಾಗುತ್ತದೆ. ಅಂಗಡಿಯಾತನಿಗೆ ಅದೇನು ಹೊಸದಲ್ಲ. ಕೆಳಗಿನ ಕಪಾಟಿನಿಂದ ಕಪ್ಪು ಬಣ್ಣದ, ಗಟ್ಟಿಮುಟ್ಟಾದ ಇನ್ನೊಂದನ್ನು ತೆಗೆದು ಮೇಜಿನ ಮೇಲಿಡುತ್ತಾನೆ. ‘ಇದು ಕಂಪನಿ ಪೀಸು ಸಾರ್. ಮೂರೇ ವರ್ಷ ಓಡಿರೋದು. ಹೊಸದರ ಅರ್ಧ ರೇಟೂ ಇಲ್ಲ, ಗಟ್ಟಿ ಮಾಲು.’

ಆತ ಹೇಳುವುದು ಬಹುಪಾಲು ನಿಜವೇ. ಐಟಿ ಕಂಪನಿಗಳು ಮೂರು-ನಾಲ್ಕು ವರ್ಷ ಬಳಸಿ ಒಟ್ಟಾಗಿ ಮಾರಿಬಿಡುವ ಲ್ಯಾಪ್‌ಟಾಪುಗಳು ಮನೆ ಬಳಕೆಯ ಅಗ್ಗದ ಮಾದರಿಗಳಿಗಿಂತ ಎಷ್ಟೋ ಬಾಳಿಕೆ ಬರುತ್ತವೆ. ಮಗ ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಎಂದು ಕೇಳುತ್ತಾನೆ. ಕೀಲಿಮಣೆಯ ಪಕ್ಕ ಅಂಟಿಸಿದ ಪುಟ್ಟ ಚೀಟಿಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅದರ ಮೇಲೆ ‘ಇಂಟೆಲ್ ವಿ-ಪ್ರೊ’ ಎಂದಿರುತ್ತದೆ. (ಬೆಂಗಳೂರಿನ ವಿಪ್ರೊ ಕಂಪನಿಗೂ ಇದಕ್ಕೂ ಯಾವ ನಂಟೂ ಇಲ್ಲ. ಕನ್ನಡದಲ್ಲಿ ಬರೆದಾಗ ಹೆಸರು ಒಂದೇ ಥರ ಕಾಣುತ್ತದೆ, ಅಷ್ಟೆ.)

ಆ ಚೀಟಿಯ ಅರ್ಥ ಇಷ್ಟು: ಈ ಕಂಪ್ಯೂಟರಿನ ಒಳಗೆ ಇನ್ನೊಂದು ಪುಟ್ಟ ಕಂಪ್ಯೂಟರು ಇದೆ. ಮುಂದೆ ಕುಳಿತವರ ಅಪ್ಪಣೆಗೆ ಅದು ಕಾಯುವುದಿಲ್ಲ. ದೂರದಲ್ಲೆಲ್ಲೋ ಕುಳಿತ ಇನ್ನೊಬ್ಬರು ಅದರ ಮೂಲಕ ಈ ಯಂತ್ರವನ್ನು ಎಬ್ಬಿಸಬಹುದು, ಮಲಗಿಸಬಹುದು, ಪರದೆಯ ಮೇಲೇನಿದೆ ಎಂದು ನೋಡಬಹುದು, ಕೀಲಿಮಣೆ ಒತ್ತಿದಂತೆ ಅಕ್ಷರ ತುಂಬಬಹುದು. ಕಂಪನಿಯಲ್ಲಿದ್ದಾಗ ಆ ‘ಇನ್ನೊಬ್ಬರು’ ಕಂಪನಿಯ ನೌಕರರೇ ಆಗಿದ್ದರು. ಕಂಪ್ಯೂಟರು ಕೈಬದಲಾಯಿಸಿ ವಿದ್ಯಾರ್ಥಿಯೊಬ್ಬನ ಹಾಸ್ಟೆಲ್ ಕೋಣೆ ಸೇರಿದ ಮೇಲೆ?

ಮಾಳಿಗೆ ಹತ್ತಿ ಇಳಿಯುವ ಕಷ್ಟ

ಇದರ ಹುಟ್ಟಿನಲ್ಲಿ ಕೆಟ್ಟ ಉದ್ದೇಶ ಹುಡುಕಬೇಕಾಗಿಲ್ಲ. ಎರಡು ಸಾವಿರ ಕಂಪ್ಯೂಟರುಗಳಿರುವ ಹತ್ತು ಮಾಳಿಗೆಯ ಕಚೇರಿಯೊಂದನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ಎಂಟನೆಯ ಮಾಳಿಗೆಯಲ್ಲಿ ಒಬ್ಬರ ವಿಂಡೋಸ್ ಎದ್ದೇಳುವುದಿಲ್ಲ. ರಿಪೇರಿಯವನು ಹತ್ತಿ ಹೋಗಬೇಕು. ಅಷ್ಟರಲ್ಲಿ ಮೂರನೆಯ ಮಾಳಿಗೆಯಿಂದ ಕರೆ. ರಾತ್ರಿ ಎಲ್ಲ ಯಂತ್ರಗಳಿಗೂ ಹೊಸ ಸಾಫ್ಟ್‌ವೇರ್ ಹಾಕಬೇಕೆಂದರೆ ನೌಕರರು ಹೋಗುವಾಗ ಸ್ವಿಚ್ ಆರಿಸಿ ಹೋಗಿರುತ್ತಾರೆ. ದೂರದಿಂದ ನಿಯಂತ್ರಿಸುವ ಸಾಫ್ಟ್‌ವೇರ್ ಆಗಲೇ ಇತ್ತು, ನಿಜ. ಆದರೆ ಅದು ವಿಂಡೋಸ್ ಒಳಗೆ ಕೂತಿರುತ್ತದೆ. ವಿಂಡೋಸೇ ಬಿದ್ದರೆ ಅದೂ ಬೀಳುತ್ತದೆ. ಬೇಕಾದದ್ದು ಕಂಪ್ಯೂಟರು ಸತ್ತಾಗಲೂ ಬದುಕಿರುವ ಸಹಾಯಕ.

ಮೊದಲು ಇಂಥ ಸಹಾಯಕ ಬಂದದ್ದು ದೊಡ್ಡ ಸರ್ವರುಗಳಿಗೆ. 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ ಮತ್ತು ಎನ್‌ಇಸಿ ಕಂಪನಿಗಳು ಸೇರಿ ‘ಐಪಿಎಂಐ’ ಎಂಬ ಪದ್ಧತಿಯನ್ನು ಹೊರತಂದವು. ಪ್ರತಿ ಸರ್ವರಿನ ಮದರ್‌ಬೋರ್ಡಿನಲ್ಲಿ ‘ಬಿಎಂಸಿ’ ಎಂಬ ಚಿಕ್ಕ ಚಿಪ್. ಸರ್ವರಿನ ಮೈ ಬಿಸಿಯಾಗಿದೆಯೇ, ಫ್ಯಾನು ತಿರುಗುತ್ತಿದೆಯೇ ಎಂದು ನೋಡುವುದು, ಕೆಟ್ಟು ನಿಂತರೆ ದೂರದಿಂದ ಆರಿಸಿ ಹೊತ್ತಿಸುವುದು ಅದರ ಕೆಲಸ. ಸಾವಿರಾರು ಸರ್ವರುಗಳು ಕಪಾಟಿನಂತೆ ನಿಂತಿರುವ ತಣ್ಣನೆಯ ಡೇಟಾ ಸೆಂಟರುಗಳನ್ನು ಬೆರಳೆಣಿಕೆಯ ಜನ ನಡೆಸಲು ಸಾಧ್ಯವಾಗಿರುವುದು ಇದರಿಂದಲೇ.

ಅದೇ ಸೌಕರ್ಯ ಮೇಜಿನ ಮೇಲಿನ ಕಂಪ್ಯೂಟರಿಗೂ ಇಳಿದು ಬಂತು. ಇಂಟೆಲ್ 2005ರಲ್ಲಿ ‘ಆ್ಯಕ್ಟಿವ್ ಮ್ಯಾನೇಜ್‌ಮೆಂಟ್ ಟೆಕ್ನಾಲಜಿ’, ಚುಟುಕಾಗಿ ‘ಎಎಂಟಿ’ಯನ್ನು ತಂದು, 2006ರಲ್ಲಿ ಅದನ್ನು ವಿ-ಪ್ರೊ ಹೆಸರಿನಡಿ ಮಾರತೊಡಗಿತು.

ಎಎಂಟಿ ಓಡುವುದು ಕಂಪ್ಯೂಟರಿನ ಮುಖ್ಯ ಪ್ರೊಸೆಸರಿನಲ್ಲಿ ಅಲ್ಲ. ಅದರ ಪಕ್ಕದ ಚಿಪ್‌ಸೆಟ್ಟಿನಲ್ಲಿ ಹುದುಗಿರುವ ‘ಮ್ಯಾನೇಜ್‌ಮೆಂಟ್ ಎಂಜಿನ್’ ಎಂಬ ಬೇರೊಂದು ಪುಟ್ಟ ಪ್ರೊಸೆಸರಿನಲ್ಲಿ. ಕಂಪ್ಯೂಟರನ್ನು ಆರಿಸಿದರೂ ಗೋಡೆಯ ಪ್ಲಗ್ಗಿನಿಂದ ಸ್ವಲ್ಪ ವಿದ್ಯುತ್ತು ಮದರ್‌ಬೋರ್ಡಿಗೆ ಹರಿಯುತ್ತಲೇ ಇರುತ್ತದೆ. ಡೆಸ್ಕ್‌ಟಾಪ್ ಆರಿಸಿದ ಮೇಲೂ ಹಿಂಬದಿಯ ನೆಟ್‌ವರ್ಕ್ ತಂತಿಯ ಜಾಗದಲ್ಲಿ ಹಸಿರು ದೀಪ ಮಿನುಗುವುದನ್ನು ಕೆಲವರು ನೋಡಿರಬಹುದು. ಆ ದೀಪ ಕಂಡ ಮಾತ್ರಕ್ಕೆ ಎಎಂಟಿ ಇದೆ ಎಂದಲ್ಲ. ಆರಿದ ಯಂತ್ರದೊಳಗೂ ಜೀವ ಇರುತ್ತದೆ ಎಂಬುದಕ್ಕೆ ಸಾಕ್ಷಿ, ಅಷ್ಟೆ.

ನೆಟ್‌ವರ್ಕ್ ತಂತಿಯಲ್ಲಿ ಬರುವ ಪ್ರತಿ ಸಂದೇಶದ ಮೇಲೂ ಪೋಸ್ಟಿನ ಪಿನ್‌ಕೋಡಿನಂತೆ ಒಂದು ‘ಪೋರ್ಟ್’ ಸಂಖ್ಯೆ ಇರುತ್ತದೆ. ಎಎಂಟಿ ಚಾಲೂ ಇರುವ ಯಂತ್ರದಲ್ಲಿ 16992, 16993 ಮುಂತಾದ ಸಂಖ್ಯೆ ಬರೆದ ಸಂದೇಶಗಳನ್ನು ಮ್ಯಾನೇಜ್‌ಮೆಂಟ್ ಎಂಜಿನ್ ಬಾಗಿಲಲ್ಲೇ ತೆಗೆದುಕೊಂಡುಬಿಡುತ್ತದೆ. ವಿಂಡೋಸಿಗಾಗಲಿ ಲಿನಕ್ಸಿಗಾಗಲಿ ಅವು ತಲುಪುವುದೇ ಇಲ್ಲ. ದುಡ್ಡು ಕೊಟ್ಟು ಹಾಕಿಸಿದ ಆ್ಯಂಟಿವೈರಸ್, ಫೈರ್‌ವಾಲ್‌ಗಳಿಗೂ ಅಷ್ಟೆ, ಅವು ಕಾಣಿಸುವುದಿಲ್ಲ. ಇನ್ನೂ ಒಂದಿದೆ: ಕಂಪ್ಯೂಟರಿನ ಮುಖ್ಯ ಸ್ಮೃತಿಯೊಳಗೆ, ಅಂದರೆ ರ‍್ಯಾಮ್‌ನೊಳಗೆ, ಈ ಎಂಜಿನ್ ಕೈಹಾಕಬಲ್ಲದು.

ಬಾಡಿಗೆ ಮನೆಗೆ ಹೋಲಿಸಬಹುದು. ನೀವು ಮುಂಬಾಗಿಲಿಗೆ ಎರಡು ಬೀಗ ಜಡಿದು ಮಲಗುತ್ತೀರಿ. ಹಿತ್ತಲ ಕಡೆಯ ಕೋಣೆಯಲ್ಲಿ ಮಾಲೀಕರು ನೇಮಿಸಿದ ಕಾವಲುಗಾರನಿದ್ದಾನೆ. ಎಲ್ಲ ಕೋಣೆಗಳ ಬೀಗದ ಕೈ ಅವನಲ್ಲಿದೆ, ಸ್ವಂತ ಟೆಲಿಫೋನೂ ಇದೆ. ಅವನು ಒಳ್ಳೆಯವನೇ ಇರಬಹುದು. ಆದರೆ ಅವನಿದ್ದಾನೆಂಬುದೇ ಬಾಡಿಗೆದಾರರಿಗೆ ಗೊತ್ತಿಲ್ಲ.

ಪ್ರೊಫೆಸರರಿಗೂ ತಿಳಿಯದ ಸುದ್ದಿ

ಈ ಕಾವಲುಗಾರ ಯಾವ ಭಾಷೆ ಆಡುತ್ತಾನೆ ಎಂಬುದು ಬಹುಕಾಲ ಹೊರಗಿನವರಿಗೆ ತಿಳಿದಿರಲಿಲ್ಲ. ರಷ್ಯಾದ ಪಾಸಿಟಿವ್ ಟೆಕ್ನಾಲಜೀಸ್ ಸಂಸ್ಥೆಯ ಸಂಶೋಧಕರು 2017ರಲ್ಲಿ ಬಿಡಿಸಿ ನೋಡಿದಾಗ ಅಚ್ಚರಿ ಕಾದಿತ್ತು. 2015ರ ಸುಮಾರಿನಿಂದ ಬಂದ ಇಂಟೆಲ್ ಚಿಪ್‌ಸೆಟ್ಟುಗಳಲ್ಲಿ ಮ್ಯಾನೇಜ್‌ಮೆಂಟ್ ಎಂಜಿನ್ ನಡೆಸುತ್ತಿದ್ದುದು ‘ಮಿನಿಕ್ಸ್’ ಎಂಬ ಆಪರೇಟಿಂಗ್ ಸಿಸ್ಟಮ್!

ಕಂಪ್ಯೂಟರ್ ವಿಜ್ಞಾನ ಓದುವವರಿಗೆ ಈ ಹೆಸರು ಹೊಸದಲ್ಲ. ಆಮ್‌ಸ್ಟರ್‌ಡಾಮಿನ ವ್ರೈಯೆ ವಿಶ್ವವಿದ್ಯಾಲಯದ ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್ ತಮ್ಮ ವಿದ್ಯಾರ್ಥಿಗಳಿಗೆ ಪಾಠ ಹೇಳಲೆಂದು ಬರೆದು, 1987ರಲ್ಲಿ ಪಠ್ಯಪುಸ್ತಕದ ಜೊತೆ ಹೊರತಂದ ಪುಟ್ಟ ವ್ಯವಸ್ಥೆ ಅದು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆಯಲು ಕೂತಾಗ ಅವನ ಮೇಜಿನ ಮೇಲಿದ್ದುದೂ ಮಿನಿಕ್ಸ್ ಓಡುವ ಕಂಪ್ಯೂಟರೇ. ಪಾಠಕ್ಕೆಂದು ಬರೆದದ್ದು ಕೋಟಿಗಟ್ಟಲೆ ಕಂಪ್ಯೂಟರುಗಳ ಹೊಟ್ಟೆಯೊಳಗೆ ಕೂತಿದೆ ಎಂದು ಟನೆನ್‌ಬಾಮ್ ಅವರಿಗೆ ತಿಳಿದದ್ದು ಎಲ್ಲರಿಗೂ ತಿಳಿದಾಗಲೇ. ಹಿಂದೊಮ್ಮೆ ಇಂಟೆಲ್ ಎಂಜಿನಿಯರುಗಳು ತಾಂತ್ರಿಕ ಪ್ರಶ್ನೆಗಳನ್ನು ಕೇಳಿದ್ದರಂತೆ, ಯಾತಕ್ಕೆಂದು ಹೇಳಿರಲಿಲ್ಲ. ಮಿನಿಕ್ಸಿನ ಪರವಾನಗಿಯಂತೆ ಹೇಳಬೇಕೆಂಬ ಕಟ್ಟುಪಾಡೂ ಇಲ್ಲ. 2017ರ ನವೆಂಬರಿನಲ್ಲಿ ಅವರು ಇಂಟೆಲ್‌ಗೆ ಬಹಿರಂಗ ಪತ್ರ ಬರೆದು, ದುಡ್ಡು ಬೇಡ, ಒಂದು ಮಾತು ತಿಳಿಸಿದ್ದರೆ ಚೆನ್ನಾಗಿತ್ತು ಎಂದು ನಯವಾಗಿ ಆಕ್ಷೇಪಿಸಿದರು. ಇದೊಂದು ಗೂಢಚಾರಿಕೆಯ ಎಂಜಿನ್ ಇರಬಹುದೆಂಬ ಅನುಮಾನ ಬಂದಿದ್ದರೆ ಸಹಕರಿಸುತ್ತಲೇ ಇರಲಿಲ್ಲ ಎಂದೂ ಆಮೇಲೆ ಸೇರಿಸಿದರು.

ಖಾಲಿ ಉತ್ತರಪತ್ರಿಕೆಗೆ ಪೂರ್ತಿ ಅಂಕ

ಕಾವಲುಗಾರನಿದ್ದಾನೆ ಎಂಬುದಕ್ಕಿಂತ ಅವನು ಎಂಥವರಿಗೆ ಬಾಗಿಲು ತೆರೆಯುತ್ತಾನೆ ಎಂಬುದು ದೊಡ್ಡ ಪ್ರಶ್ನೆ. ಅದರ ಉತ್ತರ 2017ರ ಮೇ 1ರಂದು ಹೊರಬಿತ್ತು. ಎಎಂಟಿಯಲ್ಲಿ ದೊಡ್ಡ ದೋಷವೊಂದಿದೆ ಎಂದು ಅಂದು ಇಂಟೆಲ್ ಒಪ್ಪಿಕೊಂಡಿತು. ಅದನ್ನು ಕಂಡುಹಿಡಿದವರು ಎಂಬೆಡಿ ಎಂಬ ಸಂಸ್ಥೆಯ ಮಕ್ಸಿಮ್ ಮಾಲ್ಯುಟಿನ್.

ದೋಷ ಏನೆಂದು ತಿಳಿಯಲು ಕಂಪ್ಯೂಟರ್ ಓದಿರಬೇಕಾಗಿಲ್ಲ, ಪರೀಕ್ಷೆ ಬರೆದಿದ್ದರೆ ಸಾಕು. ಎಎಂಟಿಯ ಬಾಗಿಲಲ್ಲಿ ‘ಅಡ್ಮಿನ್’ ಎಂದು ಹೆಸರು ಹೇಳಿ ಪಾಸ್‌ವರ್ಡ್ ಕೊಡಬೇಕು. ಪಾಸ್‌ವರ್ಡು ಇದ್ದಹಾಗೇ ತಂತಿಯಲ್ಲಿ ಹೋಗುವುದಿಲ್ಲ. ಅದನ್ನು ಲೆಕ್ಕಕ್ಕೆ ಹಾಕಿ ಬಂದ 32 ಅಕ್ಷರಗಳ ಗುಟ್ಟಿನ ಉತ್ತರ ಮಾತ್ರ ಹೋಗುತ್ತದೆ. ಎಎಂಟಿ ತಾನೂ ಅದೇ ಲೆಕ್ಕ ಮಾಡಿ ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. 32ಕ್ಕೆ 32 ಹೊಂದಿದರೆ ಒಳಗೆ ಬಿಡಬೇಕು.

ಕಾರ್ಯಕ್ರಮ ಬರೆದವರು ಇಲ್ಲಿ ಒಂದು ಚೂರು ಎಡವಿದ್ದರು. ಎಷ್ಟು ಅಕ್ಷರ ಹೋಲಿಸಬೇಕು ಎಂಬಲ್ಲಿ ‘32’ ಎಂದು ಬರೆಯುವ ಬದಲು ‘ಎದುರಿನವನು ಕಳಿಸಿದಷ್ಟು’ ಎಂಬ ಅರ್ಥ ಬರುವಂತೆ ಬರೆದಿದ್ದರು. ಅಂದರೆ ಎದುರಿನವನು ಐದು ಅಕ್ಷರ ಕಳಿಸಿದರೆ ಐದನ್ನೇ ಹೋಲಿಸುವುದು. ಒಂದು ಕಳಿಸಿದರೆ ಒಂದನ್ನು. ಏನೂ ಕಳಿಸದಿದ್ದರೆ? ಸೊನ್ನೆ ಅಕ್ಷರಗಳ ಹೋಲಿಕೆ, ಅದರಲ್ಲಿ ಸೊನ್ನೆ ತಪ್ಪು. ಆದ್ದರಿಂದ ಉತ್ತೀರ್ಣ! ವಿದ್ಯಾರ್ಥಿ ಬರೆದಷ್ಟನ್ನೇ ತಿದ್ದು, ಬರೆದದ್ದರಲ್ಲಿ ತಪ್ಪಿಲ್ಲದಿದ್ದರೆ ನೂರಕ್ಕೆ ನೂರು ಕೊಡು ಎಂದು ಮೌಲ್ಯಮಾಪಕರಿಗೆ ಹೇಳಿದಂತಾಯಿತು. ಖಾಲಿ ಹಾಳೆ ಕೊಟ್ಟು ಬಂದವನೇ ರ‍್ಯಾಂಕ್ ವಿದ್ಯಾರ್ಥಿ.

ಇಂಟೆಲ್ ಪ್ರಕಟಣೆ ಹೊರಬಿದ್ದ ಕೆಲವೇ ದಿನಗಳಲ್ಲಿ ಟೆನೆಬಲ್ ಎಂಬ ಇನ್ನೊಂದು ಸಂಸ್ಥೆಯವರು ಯಾರ ಸಹಾಯವೂ ಇಲ್ಲದೆ ಇದನ್ನು ಬಿಡಿಸಿದರು. ಉತ್ತರದ ಅರ್ಧ ಕತ್ತರಿಸಿ ಕಳಿಸಿ ನೋಡಿದರು, ಬಾಗಿಲು ತೆರೆಯಿತು. ಪೂರ್ತಿ ಅಳಿಸಿ ಕಳಿಸಿದರು, ಆಗಲೂ ತೆರೆಯಿತು. ಈ ತಪ್ಪು ಎಎಂಟಿಯ 6ನೇ ಆವೃತ್ತಿಯಿಂದ 11.6ನೇ ಆವೃತ್ತಿಯವರೆಗೂ ಹಾಗೇ ಸಾಗಿಬಂದಿತ್ತು. ಅಂದರೆ ಸುಮಾರು ಏಳು ವರ್ಷಗಳ ಯಂತ್ರಗಳು.

ಗಾಬರಿಯಾಗುವ ಮುನ್ನ ಒಂದು ಮಾತು. ಎಎಂಟಿ ಇದ್ದು, ಅದನ್ನು ಚಾಲೂ ಮಾಡಿಟ್ಟಿದ್ದ ಕಂಪ್ಯೂಟರುಗಳಿಗಷ್ಟೇ ಈ ಅಪಾಯ ಬಾಧಿಸುತ್ತಿತ್ತು. ಮನೆ ಬಳಕೆಗೆಂದೇ ಮಾರುವ ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಮ್ಯಾನೇಜ್‌ಮೆಂಟ್ ಎಂಜಿನ್ ಇದ್ದರೂ ಎಎಂಟಿ ಇರುವುದಿಲ್ಲ. ಆದರೆ ಪರಿಹಾರ ತಲುಪಿಸುವುದು ಸುಲಭವಿರಲಿಲ್ಲ. ವಿಂಡೋಸಿನ ದೋಷವಾದರೆ ಮೈಕ್ರೋಸಾಫ್ಟ್ ನೇರವಾಗಿ ತೇಪೆ ಕಳಿಸುತ್ತದೆ. ಇದು ಚಿಪ್ಪಿನೊಳಗಿನ ಫರ್ಮ್‌ವೇರ್. ಇಂಟೆಲ್ ತಿದ್ದಿ ಕೊಟ್ಟದ್ದನ್ನು ಪ್ರತಿ ಕಂಪ್ಯೂಟರ್ ತಯಾರಕರೂ ತಮ್ಮ ತಮ್ಮ ಮಾದರಿಗೆ ಹೊಂದಿಸಿ ಹಂಚಬೇಕು, ಬಳಕೆದಾರರು ಹುಡುಕಿ ಹಾಕಿಕೊಳ್ಳಬೇಕು. ಸಾಲದ್ದಕ್ಕೆ ಮೇ 12ರಂದು ‘ವಾನಾಕ್ರೈ’ ವೈರಸ್ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳ ಕಂಪ್ಯೂಟರುಗಳನ್ನು ಒತ್ತೆಯಿಟ್ಟುಕೊಂಡು ಎಲ್ಲರ ಗಮನವನ್ನೂ ಸೆಳೆದುಕೊಂಡುಬಿಟ್ಟಿತು.

ದೋಷವೇ ಇಲ್ಲದೆ ಕಳವು

ಈ ಗದ್ದಲ ಮುಗಿಯುವ ಮೊದಲೇ, 2017ರ ಜೂನ್‌ನಲ್ಲಿ, ಮೈಕ್ರೋಸಾಫ್ಟ್ ಇನ್ನೊಂದು ವಿಷಯ ಹೊರಹಾಕಿತು. ಆಗ್ನೇಯ ಏಷ್ಯಾದ ಸರ್ಕಾರಿ ಕಚೇರಿಗಳಂಥವನ್ನು ಗುರಿಮಾಡಿಕೊಂಡಿದ್ದ, ತಾನು ‘ಪ್ಲಾಟಿನಮ್’ ಎಂದು ಹೆಸರಿಟ್ಟಿದ್ದ ಕಳ್ಳಗುಂಪು, ಹಿಡಿದ ಕಂಪ್ಯೂಟರುಗಳಿಗೆ ಕಡತ ಸಾಗಿಸಲು ಎಎಂಟಿಯನ್ನು ಬಳಸುತ್ತಿತ್ತು. ಅವರು ಯಾವ ದೋಷವನ್ನೂ ಬಳಸಿರಲಿಲ್ಲ. ಯಂತ್ರ ಕೆಟ್ಟಾಗ ರಿಪೇರಿಯವರು ದೂರದಿಂದ ಅಕ್ಷರ ಕಳಿಸಲು ಎಎಂಟಿಯಲ್ಲೊಂದು ಕಾಲುವೆ ಇದೆ. ಅದರಲ್ಲೇ ತಮ್ಮ ಸರಕು ಹರಿಸಿದ್ದರು. ಕಂಪ್ಯೂಟರಿನ ಫೈರ್‌ವಾಲ್ ಬಂದೋಬಸ್ತಾಗಿ ನಿಂತೇ ಇತ್ತು, ಆ ದಾರಿ ಅದರ ಕಣ್ಣಿಗೆ ಬೀಳದು. ಹೀಗೆ ಮಾಡಲು ಆಡಳಿತಗಾರರ ಪಾಸ್‌ವರ್ಡ್ ಮೊದಲೇ ಅವರ ಕೈಸೇರಿರಬೇಕಿತ್ತು ಎಂಬುದೂ ನಿಜ.

ಇನ್ನೊಂದು ಪ್ರಸಂಗ ಹಾಸ್ಟೆಲಿನಲ್ಲಿರುವವರು ಗಮನಿಸಬೇಕಾದದ್ದು. ಫಿನ್ಲೆಂಡಿನ ಎಫ್-ಸೆಕ್ಯೂರ್ ಕಂಪನಿಯ ಹ್ಯಾರಿ ಸಿಂಟೊನೆನ್ 2018ರ ಜನವರಿಯಲ್ಲಿ ಬಹಿರಂಗಪಡಿಸಿದ್ದು ಇದು. ಕಂಪ್ಯೂಟರ್ ಶುರುವಾಗುವ ಹೊತ್ತಿನಲ್ಲೇ ತಡೆಯುವ ‘ಬಯಾಸ್’ ಪಾಸ್‌ವರ್ಡ್ ಹಾಕಿದವರು ತಮ್ಮ ಯಂತ್ರ ಭದ್ರ ಎಂದುಕೊಂಡಿರುತ್ತಾರೆ. ಎಎಂಟಿಗೆ ಬೇರೆಯೇ ಪಾಸ್‌ವರ್ಡ್ ಇದೆ, ಕಾರ್ಖಾನೆಯಿಂದ ಬರುವಾಗ ಅದು ‘ಅಡ್ಮಿನ್’ ಎಂದಿರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ಅನೇಕ ಲ್ಯಾಪ್‌ಟಾಪುಗಳಲ್ಲಿ ಸ್ವಿಚ್ ಹಾಕಿದ ಕೂಡಲೆ ‘ಕಂಟ್ರೋಲ್’ ಮತ್ತು ‘ಪಿ’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಎಎಂಟಿಯ ಪುಟ ತೆರೆಯುತ್ತದೆ. ಬಯಾಸ್ ಪಾಸ್‌ವರ್ಡ್ ಅದನ್ನು ತಡೆಯುತ್ತಿರಲಿಲ್ಲ. ಅಲ್ಲಿ ‘ಅಡ್ಮಿನ್’ ಎಂದು ತುಂಬಿ, ಹೊಸ ಪಾಸ್‌ವರ್ಡ್ ಇಟ್ಟು, ದೂರನಿಯಂತ್ರಣ ಚಾಲೂ ಮಾಡಿ, ಪಕ್ಕದಲ್ಲಿ ಕುಳಿತವರನ್ನು ಎಚ್ಚರಿಸಬೇಡ ಎಂದು ಗುರುತು ಹಾಕಿದರೆ ಆಯಿತು. ಒಂದು ನಿಮಿಷವೂ ಬೇಡ. ಮಾಲೀಕ ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಆಮೇಲೆ ಅದೇ ನೆಟ್‌ವರ್ಕಿನಲ್ಲಿರುವ ಇನ್ನೊಂದು ಕಂಪ್ಯೂಟರಿನಿಂದ ಇಣುಕಬಹುದು. ಹಾಸ್ಟೆಲ್ ಎಂದರೆ ಎಲ್ಲರೂ ಒಂದೇ ನೆಟ್‌ವರ್ಕಿನಲ್ಲಿರುವ ಜಾಗ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರ್ವರುಗಳ ಪಾಡು

ದೊಡ್ಡ ಯಂತ್ರಗಳ ಕಾವಲುಗಾರರ ಕತೆ ಇನ್ನೂ ಕಳಪೆ. ಅಮೆರಿಕದ ಭದ್ರತಾ ತಜ್ಞ ಡ್ಯಾನ್ ಫಾರ್ಮರ್ 2013ರಲ್ಲಿ ಐಪಿಎಂಐಯನ್ನು ಒಂದೊಂದಾಗಿ ಬಿಡಿಸಿ ಹರವಿಟ್ಟರು. 2004ರಲ್ಲಿ ಬಂದ ಅದರ ಎರಡನೆಯ ಆವೃತ್ತಿಯ ನಿಯಮದಲ್ಲೇ ವಿಚಿತ್ರವೊಂದಿತ್ತು. ಹೊರಗಿನವನು ಯಾವುದಾದರೂ ಬಳಕೆದಾರನ ಹೆಸರು ಹೇಳಿದರೆ ಸಾಕು, ಆತ ಯಾರೆಂದು ಖಾತ್ರಿಯಾಗುವ ಮೊದಲೇ ಸರ್ವರು ಆ ಬಳಕೆದಾರನ ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ ಗುಟ್ಟಿನ ಸಾಲನ್ನು ಅವನ ಕೈಗೆ ಕೊಟ್ಟುಬಿಡುತ್ತದೆ. ಅದನ್ನು ಮನೆಗೆ ಒಯ್ದು, ಕಂಪ್ಯೂಟರಿಗೆ ಹಚ್ಚಿ, ಲಕ್ಷಾಂತರ ಪದಗಳನ್ನು ಒಂದರ ಮೇಲೊಂದು ಪ್ರಯತ್ನಿಸುತ್ತ ಕೂರಬಹುದು. ಇದನ್ನು ತಿದ್ದಲೂ ಬರದು. ಬರೆದವರ ತಪ್ಪಲ್ಲ, ಪದ್ಧತಿಯೇ ಹಾಗೆಂದು ಹೇಳುತ್ತದೆ! ಉದ್ದನೆಯ, ಊಹಿಸಲಾಗದ ಪಾಸ್‌ವರ್ಡ್ ಇಡುವುದೊಂದೇ ದಾರಿ. ಎಷ್ಟು ಮಂದಿ ಇಟ್ಟಾರು? ಡೆಲ್ ಸರ್ವರುಗಳು ವರ್ಷಾನುಗಟ್ಟಲೆ ‘ರೂಟ್’ ಎಂಬ ಹೆಸರು, ‘ಕ್ಯಾಲ್ವಿನ್’ ಎಂಬ ಪಾಸ್‌ವರ್ಡಿನೊಂದಿಗೆ ಬರುತ್ತಿದ್ದುದು ಆ ಕಸುಬಿನವರಿಗೆಲ್ಲ ಬಾಯಿಪಾಠ.

2014ರ ಜೂನ್‌ನಲ್ಲಿ ಹೊರಬಿದ್ದದ್ದು ಇನ್ನೂ ಸೊಗಸು. ಸೂಪರ್‌ಮೈಕ್ರೊ ಕಂಪನಿಯ ಕೆಲವು ಹಳೆಯ ಮದರ್‌ಬೋರ್ಡುಗಳು 49152ನೇ ಪೋರ್ಟಿನಲ್ಲಿ ಕೇಳಿದವರಿಗೆಲ್ಲ ಪಾಸ್‌ವರ್ಡುಗಳ ಕಡತವನ್ನೇ ಕೊಡುತ್ತಿದ್ದವು, ಯಾವ ಮುಸುಕೂ ಇಲ್ಲದೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ಇಂಥ 31,964 ಸರ್ವರುಗಳು ಸಿಕ್ಕವು.

ಎಚ್‌ಪಿ ಸರ್ವರುಗಳಲ್ಲಿ ‘ಐಎಲ್‌ಒ’ ಎಂಬ ಕಾವಲುಗಾರ. ಅದರ ನಾಲ್ಕನೆಯ ಪೀಳಿಗೆಯ ಬಾಗಿಲು ತೆರೆಯಲು ಬೇಕಾದ ಮಂತ್ರ ಮಕ್ಕಳೂ ಬಾಯಿಪಾಠ ಮಾಡಬಹುದಾದಂಥದ್ದು. ಸಂದೇಶದ ಒಂದು ಜಾಗದಲ್ಲಿ ಇಂಗ್ಲಿಷಿನ ‘ಎ’ ಅಕ್ಷರವನ್ನು 29 ಬಾರಿ ಬರೆಯುವುದು. ಒಳಗಿನ ಪುಟ್ಟ ಪೆಟ್ಟಿಗೆಯಲ್ಲಿ ಅಷ್ಟು ಹಿಡಿಸದೆ ಅಕ್ಷರಗಳು ಪಕ್ಕಕ್ಕೆ ಚೆಲ್ಲಿ, ‘ಈತ ಒಳಗಿನವನು’ ಎಂದು ಗುರುತಿಡುವ ಜಾಗವನ್ನು ತುಂಬಿಬಿಡುತ್ತಿದ್ದವು. ಫ್ರಾನ್ಸಿನ ಮೂವರು ಸಂಶೋಧಕರು ಇದನ್ನು ಕಂಡುಹಿಡಿದರು. ಕಂಪನಿ 2017ರ ಆಗಸ್ಟಿನಲ್ಲಿ ತೇಪೆ ಹಾಕಿತು.

ಇವೆಲ್ಲ ಹಳೆಯ ಮಾತು ಎನ್ನುವಂತಿಲ್ಲ. ಹಲವು ತಯಾರಕರ ಸರ್ವರುಗಳಲ್ಲಿ ಓಡುವ, ಅಮೆರಿಕನ್ ಮೆಗಾಟ್ರೆಂಡ್ಸ್ ಸಂಸ್ಥೆಯ ಬಿಎಂಸಿ ಸಾಫ್ಟ್‌ವೇರಿನಲ್ಲಿ 2025ರ ಮಾರ್ಚಿನಲ್ಲಿ ಇನ್ನೊಂದು ಬಿರುಕು ಬಯಲಾಯಿತು. ಹೊರಗಿನಿಂದ ಬಂದ ಸಂದೇಶ ತಾನು ಒಳಗಿನದೇ ಎಂದು ತಲೆಬರಹದಲ್ಲಿ ಹೇಳಿಕೊಂಡರೆ ಪಾಸ್‌ವರ್ಡನ್ನೇ ಕೇಳುತ್ತಿರಲಿಲ್ಲ. ತೀವ್ರತೆಯ ಅಳತೆಯಲ್ಲಿ ಅದಕ್ಕೆ ಹತ್ತಕ್ಕೆ ಹತ್ತು. ಕಳ್ಳರು ನಿಜಕ್ಕೂ ಬಳಸುತ್ತಿರುವ ದೋಷಗಳ ಪಟ್ಟಿಯೊಂದನ್ನು ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಇಟ್ಟಿದೆ. ಅದೇ ವರ್ಷದ ಜೂನ್‌ನಲ್ಲಿ ಇದು ಆ ಪಟ್ಟಿ ಸೇರಿತು. ಬಿಎಂಸಿಯ ದೋಷವೊಂದು ಅಲ್ಲಿ ಸೇರಿದ್ದು ಅದೇ ಮೊದಲು.

ಕೇಳಿದವರಿಗೆ ಮಾತ್ರ ಸ್ವಿಚ್ಚು

ಹಾಗಾದರೆ ಇದು ಬೇಕೆಂದೇ ಇಟ್ಟ ಕಳ್ಳಬಾಗಿಲೇ? ಅಲ್ಲ ಎಂದು ಇಂಟೆಲ್ ಖಂಡಿತವಾಗಿ ಹೇಳುತ್ತ ಬಂದಿದೆ. ಬೇಕೆಂದೇ ಇಟ್ಟದ್ದು ಎಂಬುದಕ್ಕೆ ಇದುವರೆಗೆ ಯಾರೂ ಪುರಾವೆ ತೋರಿಸಿಲ್ಲ. ಮೇಲಿನ ದೋಷಗಳನ್ನು ನೋಡಿದರೂ ಕುತಂತ್ರಕ್ಕಿಂತ ಅವಸರ ಮತ್ತು ಅಜಾಗರೂಕತೆಯೇ ಹೆಚ್ಚು ಕಾಣುತ್ತದೆ. ಆದರೆ ಆಕ್ಷೇಪ ಇರುವುದು ಬೇರೆ ಕಡೆ. ಮ್ಯಾನೇಜ್‌ಮೆಂಟ್ ಎಂಜಿನ್ನಿನ ಕಾರ್ಯಕ್ರಮವನ್ನು ಹೊರಗಿನವರು ಓದುವಂತಿಲ್ಲ, ದುಡ್ಡು ಕೊಟ್ಟು ಕೊಂಡವರು ಬದಲಾಯಿಸುವಂತಿಲ್ಲ, ಪೂರ್ತಿ ಆರಿಸುವಂತೆಯೂ ಇಲ್ಲ. ಪೋಲೆಂಡಿನ ಸಂಶೋಧಕಿ ಯೋವಾನಾ ರುಟ್ಕೋವ್‌ಸ್ಕಾ ಅವರ ತಂಡ 2009ರಲ್ಲೇ ಈ ಎಂಜಿನ್ನಿನೊಳಗೆ ತಮ್ಮ ಕಾರ್ಯಕ್ರಮವನ್ನು ನುಗ್ಗಿಸಿ ತೋರಿಸಿತ್ತು. ಅದನ್ನು ಇಂಟೆಲ್ ಮುಚ್ಚಿತು. 2015ರಲ್ಲಿ ಅವರು ಮತ್ತೊಮ್ಮೆ ದೀರ್ಘವಾಗಿ ಬರೆದು ಎಚ್ಚರಿಸಿದರು.

2017ರ ಆಗಸ್ಟಿನಲ್ಲಿ ಹೊರಬಂದ ವಿಷಯ ಹೆಚ್ಚು ಚುಚ್ಚುವಂಥದ್ದು. ಪಾಸಿಟಿವ್ ಟೆಕ್ನಾಲಜೀಸ್‌ನವರಿಗೆ ಎಂಜಿನ್ನನ್ನು ಬಹುಮಟ್ಟಿಗೆ ಮಲಗಿಸುವ ಗುಪ್ತ ಸ್ವಿಚ್ಚೊಂದು ಸಿಕ್ಕಿತು. ಅದರ ಪಕ್ಕದಲ್ಲಿ ‘ಎಚ್‌ಎಪಿ’ ಎಂಬ ಮೂರಕ್ಷರ. ಅಮೆರಿಕ ಸರ್ಕಾರದ ಅತಿಭದ್ರ ಕಂಪ್ಯೂಟರುಗಳ ಯೋಜನೆಯೊಂದರ ಹೆಸರು ಅದು. ಆ ಯೋಜನೆಗಾಗಿ ತಯಾರಕರು ಕೇಳಿಕೊಂಡದ್ದರಿಂದ ಈ ಸೌಕರ್ಯ ಇಟ್ಟದ್ದು ಹೌದು, ಆದರೆ ಇದು ಅಧಿಕೃತವಾಗಿ ಎಲ್ಲರಿಗೂ ಕೊಟ್ಟದ್ದಲ್ಲ ಎಂದು ಇಂಟೆಲ್ ತಿಳಿಸಿತು. ಕಾವಲುಗಾರ ಅಷ್ಟು ನಂಬಿಕಸ್ತನಾದರೆ ಸರ್ಕಾರದವರೇ ಅವನನ್ನು ಹೊರಗೆ ಕೂರಿಸಲು ಯಾಕೆ ಬಯಸಿದರು? ಅವರಿಗೆ ಕೊಟ್ಟ ಸ್ವಿಚ್ಚು ಎಸ್.ಪಿ. ರಸ್ತೆಯ ಗಿರಾಕಿಗೆ ಯಾಕೆ ಬೇಡ? ಅದೇ ವರ್ಷದ ಕೊನೆಗೆ ಪ್ಯೂರಿಸಮ್, ಸಿಸ್ಟಮ್76 ಎಂಬ ಸಣ್ಣ ತಯಾರಕರು ಎಂಜಿನ್ನನ್ನು ಮಲಗಿಸಿಯೇ ಲ್ಯಾಪ್‌ಟಾಪ್ ಮಾರುವುದಾಗಿ ಹೇಳಿದರು. ದೊಡ್ಡವರು ಹೆಚ್ಚಾಗಿ ಸುಮ್ಮನಿದ್ದಾರೆ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಪ್ರೊಸೆಸರುಗಳಲ್ಲೂ ಇಂಥದ್ದೇ ಒಳಚಿಪ್ ಇದೆ, ಆದ್ದರಿಂದ ಬ್ರಾಂಡ್ ಬದಲಾಯಿಸಿದರೆ ಬಿಡುಗಡೆ ಎಂದೇನೂ ಅಲ್ಲ.

ತಂದೆತಾಯಿಯರಿಗೆ ಇದೆಲ್ಲ ದೂರದ ಮಾತು ಎನಿಸಿದರೆ ಅಮೆರಿಕದ ಪೆನ್ಸಿಲ್ವೇನಿಯಾದ ಲೋವರ್ ಮೇರಿಯನ್ ಶಾಲೆಗಳ ಪ್ರಕರಣ ನೆನೆಯಬೇಕು. ಅಲ್ಲಿದ್ದುದು ಚಿಪ್ಪಲ್ಲ, ಶಾಲೆಯವರು ಹಾಕಿದ ಸಾಫ್ಟ್‌ವೇರ್. ಪಾಡು ಮಾತ್ರ ಒಂದೇ. ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಶಾಲೆಯೇ ಲ್ಯಾಪ್‌ಟಾಪ್ ಕೊಟ್ಟಿತ್ತು. ಕಳೆದುಹೋದರೆ ಪತ್ತೆಹಚ್ಚಲೆಂದು, ದೂರದಿಂದ ಕ್ಯಾಮೆರಾ ಚಾಲೂ ಮಾಡುವ ವ್ಯವಸ್ಥೆ ಅದರಲ್ಲಿತ್ತು, ಮನೆಯವರಿಗೆ ಹೇಳಿರಲಿಲ್ಲ. 2009ರ ನವೆಂಬರಿನಲ್ಲಿ ಒಬ್ಬ ಹುಡುಗನನ್ನು ಕರೆದು, ನೀನು ಮನೆಯಲ್ಲಿ ಮಾತ್ರೆ ನುಂಗುತ್ತಿದ್ದೀಯ ಎಂದು ಚಿತ್ರ ತೋರಿಸಿ ಕೇಳಿದರಂತೆ. ಅವು ಮಿಠಾಯಿ ಎಂದ ಹುಡುಗ. ಮಲಗುವ ಕೋಣೆಯ ಚಿತ್ರ ಶಾಲೆಗೆ ಹೇಗೆ ಹೋಯಿತು ಎಂದು ಮನೆಯವರು 2010ರಲ್ಲಿ ಕೋರ್ಟಿಗೆ ಹೋದರು. ತನಿಖೆಯಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳು ಹೊರಬಂದವು. ಕ್ರಿಮಿನಲ್ ಮೊಕದ್ದಮೆ ಹೂಡುವಂಥ ದುರುದ್ದೇಶ ಕಾಣಲಿಲ್ಲ ಎಂದರು ಸರ್ಕಾರಿ ವಕೀಲರು. ಕೊನೆಗೆ ಅದೇ ಅಕ್ಟೋಬರಿನಲ್ಲಿ ಶಾಲಾಡಳಿತ 6,10,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಕೊಳ್ಳುವಾಗ ನೋಡಬೇಕಾದದ್ದು

ಮತ್ತೆ ಎಸ್.ಪಿ. ರಸ್ತೆಯ ಅಂಗಡಿಗೆ ಬರೋಣ. ಕಂಪನಿ ಪೀಸು ಕೊಳ್ಳಬಾರದೆಂದಲ್ಲ, ಕೊಳ್ಳಿ. ವಿ-ಪ್ರೊ ಚೀಟಿ ಇದ್ದರೆ ಐದು ನಿಮಿಷ ಹೆಚ್ಚು ನಿಲ್ಲಿ. ಯಂತ್ರ ಶುರುವಾಗುವಾಗ ಕಂಟ್ರೋಲ್-ಪಿ ಒತ್ತಿ, ಅಥವಾ ಬಯಾಸ್ ಪುಟಕ್ಕೆ ಹೋಗಿ ‘ಎಎಂಟಿ’ ಅಥವಾ ‘ಮ್ಯಾನೇಜೆಬಿಲಿಟಿ’ ಎಂಬ ಸಾಲು ಹುಡುಕಿ. ಹಿಂದಿನ ಕಂಪನಿಯ ಸಂಯೋಜನೆ ಇದ್ದರೆ ‘ಅನ್‌ಪ್ರೊವಿಷನ್’ ಎಂಬ ಆಯ್ಕೆಯಿಂದ ಅಳಿಸಿ, ಎಎಂಟಿಯನ್ನು ಆಫ್ ಮಾಡಿ. ಹೊಸ ಪಾಸ್‌ವರ್ಡ್ ಇಡಿ. ಎಂಟು ಅಕ್ಷರಕ್ಕೆ ಕಡಿಮೆಯಿಲ್ಲದೆ, ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಬೆರೆಸಿ ಕೊಡಲು ಅದು ಕೇಳುತ್ತದೆ. ಮನೆಗೆ ಬಂದ ಮೇಲೆ ತಯಾರಕರ ತಾಣದಲ್ಲಿ ಆ ಮಾದರಿಗೆ ಬಯಾಸ್ ಮತ್ತು ಮ್ಯಾನೇಜ್‌ಮೆಂಟ್ ಎಂಜಿನ್ನಿನ ಹೊಸ ಫರ್ಮ್‌ವೇರ್ ಬಂದಿದೆಯೇ ನೋಡಿ ಹಾಕಿಕೊಳ್ಳಿ. ಹಾಕುವಾಗ ಚಾರ್ಜರ್ ಸಿಕ್ಕಿಸಿರಲಿ, ನಡುವೆ ಕರೆಂಟು ಹೋದರೆ ಇನ್ನೊಂದು ರಾಮಾಯಣ.

ಪರೀಕ್ಷಿಸಿ ನೋಡಬೇಕೆನ್ನುವ ಹುಡುಗರಿಗೆ ಸುಲಭದ ಉಪಾಯ ಇದೆ. ಲ್ಯಾಪ್‌ಟಾಪನ್ನು ತಂತಿಯ ಮೂಲಕ ಮನೆಯ ರೂಟರಿಗೆ ಜೋಡಿಸಿ. ಅದೇ ರೂಟರಿನಲ್ಲಿರುವ ಇನ್ನೊಂದು ಕಂಪ್ಯೂಟರಿನ ಬ್ರೌಸರಿನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ ಬರೆದು, ಮುಂದೆ ಎರಡು ಚುಕ್ಕೆ ಇಟ್ಟು 16992 ಎಂದು ಬರೆಯಿರಿ. ಏನೂ ಬರದಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಇಂಟೆಲ್ ಹೆಸರಿನ ಲಾಗಿನ್ ಪುಟ ಕಂಡರೆ ಕಾವಲುಗಾರ ಎಚ್ಚರವಾಗಿದ್ದಾನೆ. ಸ್ವಂತ ಯಂತ್ರದ ಮೇಲೆ ಮಾತ್ರ ಇದನ್ನು ಮಾಡಬೇಕು. ಕಾಲೇಜಿನ ಲ್ಯಾಬಿನಲ್ಲಿ ಕೈಯಾಡಿಸಿದರೆ ಅದು ಅಪರಾಧವಾದೀತು.

ಇನ್ನೊಂದು ಸಂಗತಿ ಅಂಗಡಿಯಲ್ಲೇ ಇತ್ಯರ್ಥವಾಗಬೇಕು. ಕಂಟ್ರೋಲ್-ಪಿ ಒತ್ತಿ ‘ಅಡ್ಮಿನ್’ ಎಂದು ತುಂಬಿದಾಗ ಪುಟ ತೆರೆದರೆ ಇದುವರೆಗೆ ಯಾರೂ ಅದನ್ನು ಮುಟ್ಟಿಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ತೆರೆಯದಿದ್ದರೆ ಯಾರೋ ಪಾಸ್‌ವರ್ಡ್ ಬದಲಾಯಿಸಿದ್ದಾರೆ. ದುಡ್ಡು ಎಣಿಸುವ ಮುನ್ನ, ಆ ಪಾಸ್‌ವರ್ಡ್ ಈಗ ಯಾರ ಹತ್ತಿರ ಇದೆ ಎಂದು ಅಂಗಡಿಯಾತನನ್ನು ಕೇಳಿ, ಅದನ್ನು ಅಳಿಸಿ ಕೊಡುವವರೆಗೆ ಚೀಲಕ್ಕೆ ಹಾಕಬೇಡಿ.